ಗುಮ್ಮಟದ ನಾಡಿನ ಇಬ್ಬರು ರಾವಣರು

ವಿಜಯಪುರಕ್ಕೆ ಹೋಗುವವರೆಲ್ಲ ಮೊದಲು ಗೋಳಗುಮ್ಮಟವನ್ನು ನೋಡುತ್ತಾರೆ. ಹಲವರು ಅದೊಂದನ್ನೇ ನೋಡಿ ಮರಳುತ್ತಾರೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಆ ಸಮಾಧಿ ಅಂಥ ಆಕರ್ಷಣೆಗೆ ಯೋಗ್ಯವಾದದ್ದೇ. ಸುಮಾರು 44 ಮೀಟರು ಹೊರವ್ಯಾಸದ ಗುಮ್ಮಟ. ನಡುವೆ ಆಸರೆಗೆ ಒಂದು ಕಂಬವೂ ಇಲ್ಲ. ಮೇಲಿನ ಮೊಗಸಾಲೆಯಲ್ಲಿ ನಿಂತು ಒಂದು ಮಾತನ್ನಾಡಿದರೆ ಅದು ಏಳೆಂಟು ಸಲ ಮರಳಿ ಬಂದು ಕಿವಿಯನ್ನು ಮುಟ್ಟುತ್ತದೆ. ಶಾಲೆಯ ಹುಡುಗರು ಕೂಗಿ ನಗುತ್ತಾರೆ. ಹಿರಿಯರೂ ಯಾರೂ ನೋಡದ ಹೊತ್ತಿನಲ್ಲಿ ಒಂದು ಸಲ ಕೂಗಿ ನೋಡುತ್ತಾರೆ.

ಗುಮ್ಮಟ ಕೊಟ್ಟದ್ದನ್ನೇ ಮರಳಿಸುತ್ತದೆ. ಆದರೆ ಇದೇ ಊರಿನ ನೆಲದಲ್ಲಿ ಒಂದು ಕಥೆ ಹಲವು ಸಲ ಮರಳಿ ಹುಟ್ಟಿದೆ. ಪ್ರತಿಯೊಂದು ಸಲವೂ ಅದರ ದನಿ ಬೇರೆಯಾಗಿದೆ. ಆ ಕಥೆ ರಾಮಾಯಣ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ವಿಜಯಪುರದೊಡನೆ ನಂಟಿದ್ದ ಒಬ್ಬ ಜೈನ ಕವಿ ಅದನ್ನು ಹೇಳಿದನು. ಮುಂದೆ ಕೆಲವು ಶತಮಾನಗಳು ಕಳೆದ ಮೇಲೆ, ಊರಿನ ಪಶ್ಚಿಮಕ್ಕೆ ಆರೇಳು ಕಿಲೋಮೀಟರು ದೂರದ ತೊರವಿಯಲ್ಲಿ ಒಬ್ಬ ವೈಷ್ಣವ ಕವಿ ಮತ್ತೊಮ್ಮೆ ಹೇಳಿದನು. ಮೂರನೆಯ ಸಲ ಅದು ಈ ಊರಿಗೆ ಬಂದದ್ದು ಮುಂಬಯಿಯ ನಿರ್ಮಾಪಕರೊಬ್ಬರ ಕೈಯಿಂದ, ದೂರದರ್ಶನದ ಪೆಟ್ಟಿಗೆಯ ಮೂಲಕ. ಈ ಮೂರನೆಯದು ಮೊದಲಿನ ಎರಡಕ್ಕೆ ಏನಾಗಬೇಕು? ಮಗನೇ, ಮೊಮ್ಮಗನೇ, ಅಥವಾ ಹೆಸರು ಹೇಳಿಕೊಂಡು ಬಂದ ದೂರದ ಅತಿಥಿಯೇ? ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೊರಟ ಪ್ರವಾಸಿಗೆ ದಾರಿಯುದ್ದಕ್ಕೂ ಆಲೋಚಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು.

ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ 1987ರ ಜನವರಿ 25ರಂದು ಆರಂಭವಾಯಿತು. ಭಾನುವಾರದ ಬೆಳಗ್ಗೆ ಒಂಬತ್ತೂವರೆಯ ಹೊತ್ತು. 52 ಕಂತುಗಳೆಂದು ಯೋಚಿಸಿದ್ದು ಬೆಳೆದು 78ಕ್ಕೆ ಮುಟ್ಟಿ, 1988ರ ಜುಲೈ 31ರಂದು ಮುಗಿಯಿತು. ಊರಿಗೆಲ್ಲ ನಾಲ್ಕಾರು ದೂರದರ್ಶನದ ಪೆಟ್ಟಿಗೆಗಳಿದ್ದ ಕಾಲವದು. ಪೆಟ್ಟಿಗೆಯಿದ್ದ ಮನೆಯ ಪಡಸಾಲೆ ಆ ಮುಕ್ಕಾಲು ಗಂಟೆ ಓಣಿಯ ಸೊತ್ತಾಗುತ್ತಿತ್ತು. ಚಪ್ಪಲಿಗಳು ಹೊಸಿಲ ಹೊರಗೆ ರಾಶಿ ಬೀಳುತ್ತಿದ್ದುವು. ಹಿಂದಿಯ ಮಾತು ಎಲ್ಲರಿಗೂ ತಿಳಿಯುತ್ತಿರಲಿಲ್ಲ. ವಿಜಯಪುರದಲ್ಲಿ ದಖನಿ ಆಡುವ ಮನೆಗಳಿಗೆ ಅದು ಅಷ್ಟೇನೂ ದೂರದ ಭಾಷೆಯಲ್ಲ. ಅಚ್ಚಗನ್ನಡದ ಅಜ್ಜಿಯರಿಗಾದರೋ ಕಥೆ ಮೊದಲೇ ಗೊತ್ತಿದ್ದುದರಿಂದ ಮಾತಿನ ಹಂಗು ಬೇಕಾಗಲಿಲ್ಲ.

ಈ ಧಾರಾವಾಹಿ ಹುಟ್ಟಿದ ಮನೆಯಾವುದೆಂಬುದನ್ನು ನೆನೆಯಬೇಕು. ಅದಕ್ಕೆ ಸ್ವಲ್ಪ ಮುಂಚೆ, 1985ರಲ್ಲಿ, ಸಾಗರರು ‘ವಿಕ್ರಮ್ ಔರ್ ಬೇತಾಳ್’ ಎಂಬ ಅದ್ಭುತಕಥೆಗಳ ಮಾಲೆಯನ್ನು ತೆಗೆದಿದ್ದರು. ಬೆನ್ನೇರಿ ಕಥೆ ಹೇಳುವ ಆ ಬೇತಾಳ ಕನ್ನಡದ ಮಕ್ಕಳಿಗೆ ಚಂದಮಾಮದ ಕಾಲದಿಂದಲೂ ಬಲ್ಲ ನೆಂಟ. ಅದರಲ್ಲಿ ವಿಕ್ರಮನಾಗಿದ್ದ ಅರುಣ್ ಗೋವಿಲ್ ಇದರಲ್ಲಿ ರಾಮನಾದರು. ಅಲ್ಲಿ ಬಗೆಬಗೆಯ ಪಾತ್ರ ವಹಿಸಿದ್ದ ದೀಪಿಕಾ ಚಿಖಲಿಯಾ, ಸುನೀಲ್ ಲಹರಿ, ಅರವಿಂದ ತ್ರಿವೇದಿ ಮುಂತಾದವರು ಸೀತೆಯಾಗಿ, ಲಕ್ಷ್ಮಣನಾಗಿ, ರಾವಣನಾಗಿ ಬಂದರು. ಆದ್ದರಿಂದ ‘ರಾಮಾಯಣ’ದ ಪರದೆಯಲ್ಲಿ ಬಾಣಗಳು ಬೆಂಕಿಯುಗುಳಿದರೆ, ರಾಕ್ಷಸರು ಮುಗಿಲೆತ್ತರ ಬೆಳೆದರೆ, ಕಲ್ಲುಗಳು ನೀರಿನ ಮೇಲೆ ತೇಲಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದ್ಭುತವನ್ನು ಕಣ್ಣಿಗೆ ಕಟ್ಟಿಸುವ ಕಸುಬಿನಲ್ಲಿ ಆ ತಂಡದ ಕೈ ಆಗಲೇ ಪಳಗಿತ್ತು.

ಪರದೆಯ ಮೇಲೆ ಆಧಾರಗ್ರಂಥಗಳ ಪಟ್ಟಿಯೊಂದು ಬರುತ್ತಿತ್ತು. ವಾಲ್ಮೀಕಿ ಮತ್ತು ತುಳಸೀದಾಸರು ಮುಖ್ಯ. ಅವರ ಜೊತೆಗೆ ತಮಿಳಿನ ಕಂಬ, ಮರಾಠಿಯ ಭಾವಾರ್ಥ ರಾಮಾಯಣ, ಬಂಗಾಳಿಯ ಕೃತ್ತಿವಾಸ, ತೆಲುಗಿನ ರಂಗನಾಥ ರಾಮಾಯಣ ಇತ್ಯಾದಿ. ಕನ್ನಡದ ಪಾಲಿಗೆ ಬಂದ ಹೆಸರು ‘ರಾಮಚಂದ್ರಚರಿತ ಪುರಾಣ’. ಚಹದ ಬಟ್ಟಲನ್ನು ಕೈಯಲ್ಲಿ ಹಿಡಿದವರು ಅದನ್ನು ಓದಿರಲಾರರು. ಅಕ್ಷರಗಳು ಬಂದಷ್ಟೇ ಬೇಗ ಮಾಯವಾಗುತ್ತಿದ್ದುವು. ಓದಿದ್ದರೆ ವಿಜಯಪುರದವರು ಬೆರಗಾಗಬಹುದಿತ್ತು. ಏಕೆಂದರೆ ಆ ಗ್ರಂಥದ ಕರ್ತೃ, ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡ ನಾಗಚಂದ್ರನು, ಅವರ ಊರಿನವನು. ದೇಶವೆಲ್ಲ ನೋಡುತ್ತಿದ್ದ ಪರದೆಯಲ್ಲಿ ಅವರ ಓಣಿಯ ಒಬ್ಬನ ಹೆಸರಿನ ನೆರಳು ಹಾದುಹೋಗುತ್ತಿತ್ತು.

ನಾಗಚಂದ್ರನು ವಿಜಯಪುರದಲ್ಲಿ ಮಲ್ಲಿನಾಥ ತೀರ್ಥಂಕರನಿಗೆ ಒಂದು ಜಿನಾಲಯವನ್ನು ಕಟ್ಟಿಸಿ, ಅದೇ ತೀರ್ಥಂಕರನ ಮೇಲೆ ‘ಮಲ್ಲಿನಾಥ ಪುರಾಣ’ವನ್ನು ಬರೆದನೆಂದು ಕನ್ನಡ ಸಾಹಿತ್ಯ ಚರಿತ್ರೆ ಹೇಳುತ್ತದೆ. ಆ ಬಸದಿಯನ್ನು ಹುಡುಕಿಕೊಂಡು ಹೋದವನಿಗೆ ಇದೇ ಅದೆಂದು ಬೆರಳು ಮಾಡಿ ತೋರಿಸುವ ಕಟ್ಟಡ ಸಿಗದು. ಸಿಗುವುದು ಪುರಾಣ ಮಾತ್ರ. ಆದರೂ ಆ ಹಳೆಯ ಊರಿನ ಸುಳಿವುಗಳು ಇಲ್ಲದಿಲ್ಲ. ಅರಕಿಲ್ಲಾದ ಒಳಗೆ 1320ರಲ್ಲಿ ಎದ್ದ ಕರೀಮುದ್ದೀನನ ಮಸೀದಿಯಿದೆ. ಅದರ ಕಂಬಗಳು ಅದಕ್ಕಿಂತ ಹಿಂದಿನ ದೇವಾಲಯಗಳಿಂದ ಬಂದವು. ಉಳಿಯ ಕೆಲಸವನ್ನು ಬಲ್ಲವರು ಅವುಗಳ ಮೈಮೇಲೆ ಚಾಲುಕ್ಯ ನಾಡಿನ ಕೈಬರೆಹವನ್ನು ಓದಬಲ್ಲರು. ಊರ ಹೊರಗಿನ ದರ್ಗಾದ ಬಳಿ ಸಾವಿರ ಹೆಡೆಗಳ ನೆರಳಿನಲ್ಲಿ ಕುಳಿತ ಕರಿಗಲ್ಲಿನ ಪಾರ್ಶ್ವನಾಥನಿದ್ದಾನೆ. ಇನ್ನೊಂದು ಸುಳಿವು ಊರಿನ ಹೆಸರೇ. ಬಿಜಾಪುರವೆಂದು ಬಹುಕಾಲ ಕರೆಸಿಕೊಂಡ ನಗರ 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರವಾಯಿತು. ನಾಗಚಂದ್ರನ ಕಾಲದವರು ಇಂದು ಎದ್ದುಬಂದರೆ ರೈಲು ನಿಲ್ದಾಣದ ಫಲಕದಲ್ಲಿ ತಮಗೆ ಪರಿಚಿತವಾದ ಹೆಸರನ್ನೇ ಕಂಡಾರು.

ಹಾಗಾದರೆ ಈ ವಿಜಯಪುರದ ರಾಮಾಯಣ ಎಂಥದು? ಗದ್ಯಪದ್ಯಗಳು ಬೆರೆತ ಚಂಪೂ ಕಾವ್ಯವದು; ಆ ಕಾಲದ ಕಾದಂಬರಿಯೆಂದರೂ ಸಲ್ಲುತ್ತದೆ. ಅದರ ಕಥೆ ವಾಲ್ಮೀಕಿಯದಲ್ಲ, ಪ್ರಾಕೃತದ ವಿಮಲಸೂರಿಯಿಂದ ಬಂದ ಜೈನ ಪರಂಪರೆಯದು. ಧಾರಾವಾಹಿಯನ್ನು ನೋಡಿ ಬೆಳೆದ ಮಗುವೊಂದು ಇದನ್ನು ತೆರೆದರೆ ಪುಟಪುಟಕ್ಕೂ ತಬ್ಬಿಬ್ಬಾಗುವುದು ಖಂಡಿತ. ಇಲ್ಲಿ ವಾನರರು ಕೋತಿಗಳಲ್ಲ. ಧ್ವಜದ ಮೇಲೆ ಕಪಿಯ ಚಿಹ್ನೆಯನ್ನು ಹೊತ್ತ ವಿದ್ಯಾಧರ ಕುಲದ ಮನುಷ್ಯರು. ಹನುಮಂತನಿಗೆ ಬಾಲವಿಲ್ಲ, ಅವನೊಬ್ಬ ಸುಂದರನಾದ ರಾಜಕುಮಾರ. ಈ ಪರಂಪರೆಯಲ್ಲಿ ರಾವಣನಿಗೆ ಹತ್ತು ತಲೆಗಳಿಲ್ಲ. ಎಳವೆಯಲ್ಲಿ ಧರಿಸಿದ ಹಾರದ ರತ್ನಗಳಲ್ಲಿ ಅವನ ಮುಖ ಒಂಬತ್ತಾಗಿ ಪ್ರತಿಬಿಂಬಿಸಿದ್ದರಿಂದ ದಶಮುಖನೆಂಬ ಹೆಸರು ಬಂದಿತು. ಕಡಲಿಗೆ ಕಲ್ಲಿನ ಸೇತುವೆಯಿಲ್ಲ. ಸೈನ್ಯವು ವಿದ್ಯಾಬಲದಿಂದ ಆಕಾಶಮಾರ್ಗವಾಗಿ ದಾಟುತ್ತದೆ. ರಾವಣನನ್ನು ಕೊಲ್ಲುವವನು ರಾಮನೂ ಅಲ್ಲ, ಲಕ್ಷ್ಮಣ. ರಾವಣನೇ ಎಸೆದ ಚಕ್ರರತ್ನ ಲಕ್ಷ್ಮಣನ ಕೈ ಸೇರಿ ತಿರುಗಿಬೀಳುತ್ತದೆ. ಹಿಂಸೆ ಲಕ್ಷ್ಮಣನ ಪಾಲಾದುದರಿಂದ ರಾಮನು ಮುಂದೆ ವಿರಕ್ತನಾಗಿ ಮೋಕ್ಷಕ್ಕೆ ಅರ್ಹನಾಗುತ್ತಾನೆ.

ಇದನ್ನು ಕೇಳಿ ಕೆಲವರು ಹುಬ್ಬು ಗಂಟಿಕ್ಕಬಹುದು: ಮೂಲವನ್ನು ಇಷ್ಟೊಂದು ಬದಲಿಸುವುದು ಸರಿಯೇ, ಎಂದು. ಆದರೆ ಬದಲಾವಣೆಯ ಹಿಂದಿನ ಹಟವನ್ನು ಗಮನಿಸಬೇಕು. ಅದ್ಭುತವನ್ನು ಕಂಡಲ್ಲೆಲ್ಲ ಅದು ಹೇಗೆ ಸಾಧ್ಯವೆಂದು ಕೇಳಿ, ಮನುಷ್ಯಮಾತ್ರದವರಿಗೆ ಒಪ್ಪುವ ಉತ್ತರವನ್ನು ಹುಡುಕುವುದು ಈ ಪರಂಪರೆಯ ಸ್ವಭಾವ. ಅದು ರಾಕ್ಷಸನನ್ನು ಮನುಷ್ಯನನ್ನಾಗಿ ಮಾಡಿತು. ಮನುಷ್ಯನನ್ನಾಗಿ ಮಾಡಿದ ಮೇಲೆ ಅವನೇಕೆ ಕೆಟ್ಟನೆಂಬ ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. ನಾಗಚಂದ್ರನ ಪ್ರತಿಭೆ ಹೊಳೆದದ್ದು ಆ ಉತ್ತರದಲ್ಲಿ.

ಅವನ ರಾವಣನು ಹುಟ್ಟಾ ದುಷ್ಟನಲ್ಲ. ಜಿನಭಕ್ತ, ವಿದ್ಯಾವಂತ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸಿದವನು. ಅಂಥವನು ಸೀತೆಯನ್ನು ಕಂಡ ಒಂದು ಗಳಿಗೆಯಲ್ಲಿ ನೆಲೆ ತಪ್ಪುತ್ತಾನೆ. ಮೋಸದಿಂದ ಅವಳನ್ನು ಕೊಂಡೊಯ್ಯುತ್ತಾನೆ. ಆದರೂ ವ್ರತವನ್ನು ಮುರಿಯುವುದಿಲ್ಲ. ಕೊನೆಗೆ ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು ಗೆಲವಿನ ಹುರುಪಿನಲ್ಲಿ ಸೀತೆಯೆದುರು ಬಂದು ನಿಲ್ಲುತ್ತಾನೆ. ಅವಳು ರಾಮನ ಪ್ರಾಣಕ್ಕೆ ಕೇಡು ಬಗೆಯಬೇಡವೆಂದು ಬೇಡಿ ಮೂರ್ಛೆಹೋಗುತ್ತಾಳೆ. ಆ ಕ್ಷಣದಲ್ಲಿ ಅವನ ಮನಸ್ಸು ತಿಳಿಯಾಗುತ್ತದೆ. ತಾನು ಮಾಡಿದ್ದು ತಪ್ಪೆಂದು ಅವನಿಗೆ ಅರಿವಾಗುತ್ತದೆ. ಸೀತೆಯನ್ನು ಮರಳಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಗುವುದಲ್ಲ! ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು, ಅನಂತರ ಸೀತೆಯನ್ನು ಗೌರವದಿಂದ ಒಪ್ಪಿಸುತ್ತೇನೆಂದು ಹೊರಡುತ್ತಾನೆ. ಮರಳುವುದಿಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕರ ನಾಟಕಗಳ ದುರಂತ ನಾಯಕನನ್ನು ಗುರುತಿಸಿದುದು ಸುಮ್ಮನೆ ಅಲ್ಲ. ಕಾಮವನ್ನು ಗೆದ್ದವನು ಮರ್ಯಾದೆಯೆಂಬ ಹಮ್ಮಿನಲ್ಲಿ ಸತ್ತ ಕಥೆಯಿದು. ಇಂಥ ಹಮ್ಮು ಲಂಕೆಯಲ್ಲಿ ಮಾತ್ರ ಇರುವುದಲ್ಲ. ಯಾವ ಮನೆಯ ಯಜಮಾನನಾದರೂ ಎದೆ ಮುಟ್ಟಿ ನೋಡಿಕೊಳ್ಳಬಹುದು.

ಈಗ ಪರದೆಯ ರಾವಣನನ್ನು ನೋಡೋಣ. ಅರವಿಂದ ತ್ರಿವೇದಿಯವರ ಅಭಿನಯ ಮರೆಯುವಂಥದಲ್ಲ. ಗುಜರಾತಿ ರಂಗಭೂಮಿಯಿಂದ ಬಂದ ಆ ನಟನ ಕಂಠ, ನಡಿಗೆ, ಅಟ್ಟಹಾಸಗಳು ಒಂದು ತಲೆಮಾರಿನ ಕಿವಿಯಲ್ಲಿ ನಿಂತಿವೆ. ಅವರ ರಾವಣ ಶಿವಭಕ್ತ, ಪಂಡಿತ, ರಾಜನೀತಿಜ್ಞ. ಅಷ್ಟರಮಟ್ಟಿಗೆ ಧಾರಾವಾಹಿ ಅವನಿಗೆ ಅನ್ಯಾಯ ಮಾಡಲಿಲ್ಲ. ಆದರೆ ಕೊನೆಯ ಕಾಳಗದಲ್ಲಿ ಕತ್ತರಿಸಿದ ತಲೆಗಳು ಮತ್ತೆ ಮತ್ತೆ ಬಂದು ಕೂರುತ್ತವೆ, ನಾಭಿಯ ಅಮೃತದ ಗುಟ್ಟನ್ನು ವಿಭೀಷಣ ಹೇಳುತ್ತಾನೆ, ಬಾಣ ಹಾರುತ್ತದೆ, ರಾಕ್ಷಸ ಬೀಳುತ್ತಾನೆ. ನೋಡುವವನ ಕುತೂಹಲವೆಲ್ಲ ಆ ಗುಟ್ಟಿನ ಮೇಲೆ, ಆ ಬಾಣದ ಮೇಲೆ. ಸೀತೆಯೆದುರು ನಿಂತು ಒಳಗೇ ಸೋತ ಗಳಿಗೆ ಅಲ್ಲಿಲ್ಲ. ಶೀರ್ಷಿಕೆಯಲ್ಲಿ ನಾಗಚಂದ್ರನ ಗ್ರಂಥದ ಹೆಸರಿದೆ. ಕಥೆಯಲ್ಲಿ ನಾಗಚಂದ್ರನ ರಾವಣನಿಲ್ಲ.

ಇದನ್ನು ದೋಷವೆಂದು ಬರೆದಿಟ್ಟುಬಿಡುವುದು ಸುಲಭ. ನ್ಯಾಯವಾಗಿ ನೋಡಿದರೆ ಅದು ಇರಲು ಸಾಧ್ಯವೂ ಇರಲಿಲ್ಲ. ತುಳಸೀದಾಸರ ಭಕ್ತಿಯ ಚೌಕಟ್ಟಿನಲ್ಲಿ ಲಕ್ಷ್ಮಣನ ಕೈಯಿಂದ ಸಾಯುವ ರಾವಣನನ್ನು ಕೂರಿಸುವುದು ಹೇಗೆ? ಅಗ್ನಿಪರೀಕ್ಷೆಯ ಕಂತನ್ನೇ ತೆಗೆದುಕೊಳ್ಳೋಣ. ಅಪಹೃತಳಾದವಳು ಸೀತೆಯ ನೆರಳು ಮಾತ್ರ, ನಿಜವಾದ ಸೀತೆ ಅಗ್ನಿಯ ವಶದಲ್ಲಿ ಸುರಕ್ಷಿತಳಾಗಿದ್ದಳು ಎಂಬ ತುಳಸಿಯ ಸಮಾಧಾನವನ್ನೇ ಸಾಗರರು ಎತ್ತಿಕೊಂಡರು. ರಾಮನ ಕಠಿಣ ನುಡಿಯನ್ನು ಕಂಡು ನೋಯುವ ಮನೆಮಂದಿಗೆ ಅದು ನೆಮ್ಮದಿ ತಂದಿತು. ಜೈನ ಕಥೆಯಲ್ಲಿ ಅಂಥ ನೆಮ್ಮದಿಯಿಲ್ಲ. ಅಲ್ಲಿ ಅಗ್ನಿಪ್ರವೇಶ ನಡೆಯುವುದು ಲವಕುಶರು ಬೆಳೆದ ಮೇಲೆ. ಬೆಂಕಿಯ ಕೊಂಡ ತಾವರೆಗೊಳವಾಗುತ್ತದೆ. ರಾಮನು ಅರಮನೆಗೆ ಬಾ ಎನ್ನುತ್ತಾನೆ. ಸೀತೆ ಒಲ್ಲೆನೆಂದು ದೀಕ್ಷೆ ಹಿಡಿಯುತ್ತಾಳೆ. ಒಂದು ಕಥೆ ಪ್ರಶ್ನೆಯನ್ನು ಆರಿಸುತ್ತದೆ, ಇನ್ನೊಂದು ಉರಿಯಗೊಡುತ್ತದೆ. ಎರಡಕ್ಕೂ ಕೇಳುವ ಜನ ಇದ್ದರು, ಇದ್ದಾರೆ.

ಊರನ್ನು ಬಿಟ್ಟು ಅಥಣಿಯ ಹಾದಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ತೊರವಿ. ಇಲ್ಲಿಯ ನರಸಿಂಹನು ಕುಮಾರವಾಲ್ಮೀಕಿಯೆಂದು ಬಿರುದಾಂತ ನರಹರಿಯ ಇಷ್ಟದೈವ. ಅವನ ಕಾಲವನ್ನು ವಿದ್ವಾಂಸರು ಸುಮಾರು 1500ರ ಆಸುಪಾಸಿನಲ್ಲಿ ಇಡುತ್ತಾರೆ. ಭಾಮಿನಿ ಷಟ್ಪದಿಯಲ್ಲಿ ಐದು ಸಾವಿರಕ್ಕೂ ಮೀರಿದ ಪದ್ಯಗಳ ‘ತೊರವೆ ರಾಮಾಯಣ’ ಅವನದು. ಕನ್ನಡದಲ್ಲಿ ವೈದಿಕ ಪರಂಪರೆಯ ಮೊದಲ ಸಮಗ್ರ ರಾಮಾಯಣವೆಂದು ಅದಕ್ಕೆ ಗೌರವ. ಒಂದು ಪದ್ಯಕ್ಕೆ ಒಂದೇ ನಿಮಿಷವೆಂದು ಲೆಕ್ಕ ಹಾಕಿದರೂ, ಅರ್ಥವಿವರಣೆಯನ್ನು ಬಿಟ್ಟು ಬರಿಯ ವಾಚನಕ್ಕೇ ಎಂಬತ್ತು ಗಂಟೆ ಮೀರಬೇಕು. ಧಾರಾವಾಹಿಯ 78 ಕಂತುಗಳನ್ನು ಒಂದರ ಹಿಂದೊಂದು ನೋಡಿದರೂ ಅಷ್ಟು ಹೊತ್ತಾಗದು. ದೂರದರ್ಶನದ ಕಥೆ ಎಳೆದೆಳೆದು ಬೆಳೆಯಿತೆಂದು ಗೊಣಗಿದವರು ಈ ಲೆಕ್ಕವನ್ನು ಗಮನಿಸಬೇಕು! ನಮ್ಮ ಹಿರಿಯರು ತಿಂಗಳುಗಟ್ಟಲೆ ಸಂಜೆಗಳನ್ನು ಒಂದು ಕಾವ್ಯಕ್ಕೆ ಕೊಡುತ್ತಿದ್ದರು. ಧಾರಾವಾಹಿಯೆಂಬುದು ಅವರಿಗೆ ಹೊಸ ಮಾತೇನೂ ಆಗಿರಲಿಲ್ಲ.

ತೊರವೆಯ ರಾವಣನು ನಾಗಚಂದ್ರನ ರಾವಣನಲ್ಲ. ಇವನಿಗೆ ಹತ್ತು ತಲೆಗಳಿವೆ, ಇಪ್ಪತ್ತು ತೋಳುಗಳಿವೆ. ಒಳಗೆ ಮಾತ್ರ ಅವನು ಭಕ್ತ. ಎದುರಿಗೆ ಬಂದಿರುವವನು ಯಾರೆಂಬುದನ್ನು ಬಲ್ಲವನು. ಅವನ ಕೈಯಿಂದ ಸಾಯುವುದೇ ಬಿಡುಗಡೆಯೆಂದು ಹಗೆತನವನ್ನೇ ಹಾದಿ ಮಾಡಿಕೊಂಡವನು. ತುಳಸಿಯ ರಾವಣನಲ್ಲೂ ಈ ಎಳೆಯಿದೆ. ಆದ್ದರಿಂದ ಪರದೆಯ ಕಥೆಗೆ ಹತ್ತಿರದ ಬಂಧು ತೊರವೆಯ ಕವಿಯೇ. ಆದರೆ ವಿಧಿಯ ವಿನೋದವನ್ನು ನೋಡಿ: ಶೀರ್ಷಿಕೆಯ ಪಟ್ಟಿಯಲ್ಲಿ ಕನ್ನಡದ ಪರವಾಗಿ ನಿಂತವನು ದೂರದವನಾದ ನಾಗಚಂದ್ರ, ಹತ್ತಿರದ ಬಂಧುವಿನ ಹೆಸರೇ ಇಲ್ಲ.

ಇಬ್ಬರ ನಡುವೆ ಅಂತರ ಕೆಲವು ಶತಮಾನಗಳದು, ದಾರಿಯಲ್ಲಾದರೋ ಆರೇಳು ಕಿಲೋಮೀಟರುಗಳದು. ಒಬ್ಬನ ರಾವಣ ಅರಿವು ತಡವಾಗಿ ಬಂದದ್ದರಿಂದ ಕೆಟ್ಟನು. ಇನ್ನೊಬ್ಬನ ರಾವಣ ಅರಿತೇ ಕೆಟ್ಟನು. ಎರಡನೆಯವನು ಬರೆದದ್ದರಿಂದ ಮೊದಲನೆಯವನು ಅಳಿಸಿಹೋಗಲಿಲ್ಲ. ಬಸದಿಯವರ ಮನೆಗಳಲ್ಲಿ ಒಂದು ಓಲೆಗರಿ, ಗುಡಿಯ ಪಡಸಾಲೆಯಲ್ಲಿ ಇನ್ನೊಂದು ಉಳಿದು ಬಂದುವು. ಅಷ್ಟೇ ಅಲ್ಲ, ತೊರವೆಯ ಪದ್ಯಗಳು ಘಟ್ಟವಿಳಿದು ಕಾಸರಗೋಡಿನ ಕಡೆಗೂ ಹೋದುವು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಯಕ್ಷಗಾನ ಪ್ರಸಂಗಗಳಿಗೆ ತೊರವೆ ರಾಮಾಯಣದ ಋಣ ದೊಡ್ಡದು. ಪುಸ್ತಕವು ಆಟವಾಗುವುದು, ಓದು ನೋಟವಾಗುವುದು ಕನ್ನಡಕ್ಕೆ ದೂರದರ್ಶನದಿಂದ ಬಂದ ಪಾಠವಲ್ಲ.

ತೊರವಿಯನ್ನು ಬಿಡುವ ಮುನ್ನ ಇನ್ನೊಂದು ಪಾಳನ್ನು ನೋಡಬೇಕು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಂ ಆದಿಲಶಾಹನು 1599ರ ಸುಮಾರಿಗೆ ಇಲ್ಲಿ ನವರಸಪುರವೆಂಬ ಹೊಸ ನಗರಕ್ಕೆ ಕೈಹಾಕಿದನು. ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದ ಈ ಸುಲ್ತಾನ ದಖನಿಯಲ್ಲಿ ‘ಕಿತಾಬೆ ನವರಸ’ವೆಂಬ ಹಾಡುಗಳ ಗ್ರಂಥವನ್ನು ರಚಿಸಿ, ಸರಸ್ವತಿಯನ್ನು ಅದರಲ್ಲಿ ಸ್ತುತಿಸಿದನು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನಗರವನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಈಗ ಆಕಾಶವನ್ನೇ ಛಾವಣಿ ಮಾಡಿಕೊಂಡು ನಿಂತಿವೆ. ರಸಗಳು ಒಂಬತ್ತೆಂದು ಊರಿನ ಹೆಸರಿನಲ್ಲೇ ಬರೆದಿಟ್ಟ ಆ ಅರಸನ ಅಂಗಳದಲ್ಲಿ ನಿಂತಾಗ ಧಾರಾವಾಹಿಯ ಕೊರತೆ ಸ್ಪಷ್ಟವಾಗಿ ಹೊಳೆಯುತ್ತದೆ. ಅದ್ಭುತವು ಒಂಬತ್ತರಲ್ಲಿ ಒಂದು. ಪರದೆ ಅದನ್ನು ಪಟ್ಟಕ್ಕೇರಿಸಿತು. ನಾಗಚಂದ್ರನು ಶಾಂತಕ್ಕೆ ಪಟ್ಟ ಕಟ್ಟಿದ್ದನು; ನರಹರಿ ವೀರವನ್ನು ಭಕ್ತಿಯಲ್ಲಿ ಅದ್ದಿದ್ದನು. ಯಾವ ರಸ ಹಿರಿಯದೆಂಬ ಜಗಳ ಬೇಡ. ಉಳಿದ ಎಂಟು ಎಲ್ಲಿ ಹೋದುವೆಂದು ಕೇಳಿದರೆ ಸಾಕು.

ತೊರವಿಯಿಂದ ಮುಂದೆ ಹಾದಿ ಬಯಲಿನಲ್ಲಿ ನೆಟ್ಟಗೆ ಸಾಗಿ ತಿಕೋಟಾವನ್ನು ಮುಟ್ಟುತ್ತದೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಊರು ಇಂದು ದ್ರಾಕ್ಷಿಗೆ ಹೆಸರುವಾಸಿ. ಚಪ್ಪರದ ಕೆಳಗೆ ನೇತುಬಿದ್ದ ಗೊಂಚಲುಗಳು, ಅವುಗಳ ಪಕ್ಕದಲ್ಲಿ ಹಸಿರು ಬಲೆ ಹೊದ್ದ ಉದ್ದನೆಯ ಒಣಗಿಸುವ ಚಪ್ಪರಗಳು. ಕಿತ್ತ ದ್ರಾಕ್ಷಿಯನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ನೆರಳು ಗಾಳಿಗಳಲ್ಲಿ ಎರಡು ವಾರ ಕಳೆದರೆ ಒಣದ್ರಾಕ್ಷಿ ಸಿದ್ಧ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ನೀರು ಹೋಯಿತು, ಸಿಹಿ ಗಟ್ಟಿಯಾಯಿತು, ವರ್ಷವಿಡೀ ಕೆಡದೆ ಉಳಿಯುವ ಗುಣ ಬಂದಿತು. ಆದರೆ ಅದನ್ನು ಬಾಯಿಗೆ ಹಾಕಿಕೊಂಡವನು ದ್ರಾಕ್ಷಿಯ ರಸವನ್ನು ಕುಡಿದೆನೆಂದು ಹೇಳಿದರೆ ತಿಕೋಟಾದ ರೈತ ನಗುತ್ತಾನೆ.

ಗ್ರಂಥವು ದೃಶ್ಯವಾಗುವುದೂ ಹೀಗೆಯೇ. ಒಣಗಿಸುವವನ ಮೇಲೆ ಕೋಪಗೊಳ್ಳಬೇಕಾಗಿಲ್ಲ; ಒಣಗಿಸದೆ ಹಣ್ಣು ದೂರದೂರಿಗೆ ಹೋಗದು. ಓದುಬಾರದ ಕೋಟ್ಯಂತರ ಜನರ ಮನೆಗೆ ರಾಮಕಥೆಯನ್ನು ಏಕಕಾಲಕ್ಕೆ ಒಯ್ದ ಕೀರ್ತಿ ಸಾಗರರ ಧಾರಾವಾಹಿಗೆ ಸಲ್ಲಲೇಬೇಕು. 2020ರ ಮಾರ್ಚ್ 28ರಿಂದ, ಮಹಾಮಾರಿಯ ಭಯದಲ್ಲಿ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ, ಅದು ಮತ್ತೆ ಪ್ರಸಾರವಾಯಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಚಿತ್ರದ ಬಲ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿಗಳೂ ಇವೆ. ಪರದೆಯ ಸೀತೆ ಮತ್ತು ಪರದೆಯ ರಾವಣ ಇಬ್ಬರೂ 1991ರ ಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಪರದೆಯ ರಾಮ 2024ರಲ್ಲಿ ಮೇರಠದಿಂದ ಗೆದ್ದರು. ನಾಗಚಂದ್ರನಿಗಾಗಲಿ ನರಹರಿಗಾಗಲಿ ಅಂಥ ಬಲ ಎಂದೂ ಇರಲಿಲ್ಲ. ಅಪಾಯವಿರುವುದು ಆ ಬಲದಲ್ಲೇ. ಕಾವ್ಯವು ರಾವಣನನ್ನು ಬಣ್ಣಿಸಿದರೆ ಕೇಳಿದ ಹತ್ತು ಜನ ಹತ್ತು ರಾವಣರನ್ನು ಕಾಣುತ್ತಾರೆ. ಪರದೆ ತೋರಿಸಿದರೆ ಕೋಟಿ ಜನ ಒಬ್ಬನನ್ನೇ ಕಾಣುತ್ತಾರೆ. ಆಮೇಲೆ ಇನ್ನೊಬ್ಬನಿದ್ದಾನೆಂದರೆ ನಂಬುವುದಿಲ್ಲ.

ತಿಕೋಟಾದಿಂದ ದಕ್ಷಿಣಕ್ಕೆ ಹೊರಳಿದರೆ ಡೋಣಿಯ ಸೀಮೆ. ನದಿಯ ನೀರು ಸವುಳು, ದಂಡೆಯ ಎರೆಮಣ್ಣು ಬಂಗಾರ. ಡೋಣಿಯ ಬೆಳೆ ಕೈಗೆ ಬಂದರೆ ಓಣಿಗಳೆಲ್ಲ ಜೋಳವೆಂಬರ್ಥದ ಗಾದೆ ಈ ನಾಡಿನ ನಾಲಗೆಯ ಮೇಲಿದೆ. ಬಬಲೇಶ್ವರ ಈ ಕರಿಯ ಬಯಲಿನ ಊರು. ತಿಕೋಟಾದಂತೆ ಇದೂ 2018ರ ತಾಲ್ಲೂಕು. ಮಳೆಯನ್ನೇ ನಂಬಿದ್ದ ಈ ಭೂಮಿಗೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರತೊಡಗಿದ ಮೇಲೆ ಹೊಲಗಳ ಬಣ್ಣ ಬದಲಾಗಿದೆ. ಹಿಂಗಾರಿ ಜೋಳ ಆಳೆತ್ತರ ನಿಂತ ಕಾಲದಲ್ಲಿ ಈ ಹಾದಿಯಲ್ಲಿ ಹೋಗುವವರು ಕಿಟಕಿಯ ಹೊರಗಿನ ಹಸಿರಿನಿಂದ ಕಣ್ಣು ಕೀಳಲಾರರು.

ಸುಗ್ಗಿ ಮುಗಿದ ಮೇಲೆ ಊರ ನಡುವೆ ಅಟ್ಟ ಕಟ್ಟಿ ದೊಡ್ಡಾಟವಾಡುವುದು ಈ ಎರೆಸೀಮೆಯ ಹಳೆಯ ಪದ್ಧತಿ. ರಾತ್ರಿಯೆಲ್ಲ ಆಟ. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರ ಹೊತ್ತ ಪಾತ್ರವೊಂದು ಅಟ್ಟವನ್ನೇರಿದೊಡನೆ ಸಾರಥಿ ಎದುರಾಗಿ, ತಾವು ಯಾರು, ಬಂದ ಕಾರ್ಯವೇನು ಎಂದು ವಿಚಾರಿಸುತ್ತಾನೆ. ಯಾರೇ ಆಗಲಿ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ರಾಮನಿಗೆ ಕೇಳಿದ್ದನ್ನೇ ರಾವಣನಿಗೂ ಕೇಳಲಾಗುತ್ತದೆ. ರಾವಣನು ಎದೆ ತಟ್ಟಿ ತನ್ನ ಕುಲ, ತಪಸ್ಸು, ಲಂಕೆಯ ವೈಭವಗಳನ್ನೆಲ್ಲ ತನ್ನ ಬಾಯಿಂದಲೇ ಹೇಳಿಕೊಳ್ಳುತ್ತಾನೆ. ಜನ ಅವನ ಮಾತನ್ನು ಮುಗಿಯುವವರೆಗೆ ಕೇಳುತ್ತಾರೆ. ಹಗಲು ಹೊಲದಲ್ಲಿ ಕುಂಟೆ ಹೊಡೆಯುವವನೇ ಅವನೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಅವನ ಮುಖವೇ ರಾವಣನ ಮುಖವೆಂದು ಯಾರೂ ಮೋಸಹೋಗುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬ ಬಣ್ಣ ಹಚ್ಚುತ್ತಾನೆ, ಇನ್ನೊಂದು ಬಗೆಯಲ್ಲಿ ಹೇಳುತ್ತಾನೆ. ಪರದೆ ಕಳೆದುಕೊಂಡದ್ದು ಈ ಸಾರಥಿಯ ಪ್ರಶ್ನೆಯನ್ನು. ಅಲ್ಲಿ ಪಾತ್ರಗಳು ಬರುತ್ತವೆ, ಬೆಳಗುತ್ತವೆ, ಹೋಗುತ್ತವೆ. ನೀನು ಯಾರ ರಾವಣ, ಯಾವ ಗ್ರಂಥದವನು ಎಂದು ತಡೆದು ಕೇಳುವವನಿಲ್ಲ.

ಆ ಪ್ರಶ್ನೆಯನ್ನು ಕೇಳುವ ಕೆಲಸ ಇನ್ನು ಮನೆಯವರದು. ಹಾಗೆಂದು ಧಾರಾವಾಹಿಯನ್ನು ಆರಿಸಿಬಿಡಬೇಕೆಂದಲ್ಲ. ನೋಡಿ ಮುಗಿದ ಮೇಲೆ ಮಕ್ಕಳಿಗೆ ಒಂದು ಮಾತು ಹೇಳಿದರೆ ಸಾಕು: ನಮ್ಮ ವಿಜಯಪುರದಲ್ಲಿ ಒಬ್ಬ ರಾವಣನಿದ್ದಾನೆ, ಅವನಿಗೆ ಒಂದೇ ತಲೆ, ಅವನು ಪಶ್ಚಾತ್ತಾಪಪಟ್ಟನು, ತೊರವಿಯಲ್ಲಿ ಇನ್ನೊಬ್ಬನಿದ್ದಾನೆ, ಅವನು ಒಳಗೊಳಗೇ ಭಕ್ತ, ಪರದೆಯಲ್ಲಿ ಕಂಡವನು ಮೂರನೆಯವನು. ಮಕ್ಕಳು ಮೊದಲನೆಯವನೇಕೆ ಸೀತೆಯನ್ನು ಕೂಡಲೇ ಬಿಡಲಿಲ್ಲವೆಂದು ಕೇಳಿಯೇ ಕೇಳುತ್ತಾರೆ. ಆಗ ಪುಸ್ತಕ ತೆರೆಯಬೇಕಾಗುತ್ತದೆ. ಹಳಗನ್ನಡ ಕಠಿಣವೆನಿಸಿದರೆ ಗದ್ಯಾನುವಾದವನ್ನು ಓದಬಹುದು. ತೊರವೆಯ ಷಟ್ಪದಿಯನ್ನು ಯಾರಾದರೂ ಗಮಕಿಗಳ ಬಾಯಲ್ಲಿ ಕೇಳಬಹುದು.

ಪುಸ್ತಕಗಳು ತಾವಾಗಿ ಉಳಿಯುವುದಿಲ್ಲವೆಂಬುದು ವಿಜಯಪುರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಮಣ್ಣುಗೂಡುತ್ತಿದ್ದ ವಚನಗಳ ಓಲೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲರಾಗಿದ್ದವರು. ಅಚ್ಚಿನ ಕೆಲಸಕ್ಕಾಗಿ ಇಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ನಡೆಸಿ, ಇದ್ದುದನ್ನೆಲ್ಲ ಅದಕ್ಕೆ ಸುರಿದವರು. ಇಂದು ವಚನಗಳು ನಾಡಿನ ನಾಲಗೆಯ ಮೇಲಿವೆಯೆಂದರೆ ಅದರ ಹಿಂದೆ ವಿಜಯಪುರದ ಒಂದು ಸಣ್ಣ ಮನೆಯ ದೀಪ ಉರಿದಿದೆ. ನಾಗಚಂದ್ರ ಮತ್ತು ನರಹರಿಯರಿಗೆ ಅಷ್ಟು ದೊಡ್ಡ ತ್ಯಾಗವೇನೂ ಈಗ ಬೇಕಾಗಿಲ್ಲ. ಅವರ ಗ್ರಂಥಗಳು ಅಚ್ಚಾಗಿವೆ. ಗ್ರಂಥಾಲಯದ ಕಪಾಟುಗಳಲ್ಲಿ ಕುಳಿತಿವೆ. ಬೇಕಾದದ್ದು ಕಪಾಟಿನ ಬಾಗಿಲು ತೆರೆಯುವ ಒಂದು ಕೈ ಮಾತ್ರ.